ಹೊರಗಿನಿಂದ ಬಂದು ನೆಲೆನಿಂತ ಜೀವಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಮಳೆಗಾಲದಲ್ಲಿ ಅಂಕಣಕ್ಕೆ ಬಂದ ಪತ್ರಗಳು ಆಮೆಯಿಂದ ನವಿಲಿನವರೆಗೆ ಬೇರೆ ಬೇರೆ ಜೀವಿಗಳ ಬಗ್ಗೆ ಕೇಳಿದ್ದರೂ, ಹೆಚ್ಚಿನವುಗಳ ಹಿಂದಿರುವ ಸಂಶಯ ಒಂದೇ: ನಮ್ಮ ನೆಲದ್ದಲ್ಲದ ಪ್ರಾಣಿ, ಪಕ್ಷಿ, ಮೀನುಗಳು ಇಲ್ಲಿನ ತೋಟ, ಕೆರೆ, ಹೊಳೆಗಳಲ್ಲಿ ತಾವಾಗಿಯೇ ಬದುಕತೊಡಗಿದರೆ ಏನಾಗುತ್ತದೆ ಎಂಬುದು. ಹಾಗಾಗಿ ಆ ಪತ್ರಗಳಿಗೆ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಮಕ್ಕಳ ಹಟಕ್ಕೆ ಕೆಲವು ವರ್ಷಗಳ ಹಿಂದೆ ಅಕ್ವೇರಿಯಂ ಅಂಗಡಿಯಿಂದ ಎರಡು ಪುಟ್ಟ ಹಸಿರು ಆಮೆಮರಿಗಳನ್ನು ತಂದಿದ್ದೆವು. ಅವುಗಳ ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದೆ. ಈಗ ಅವು ಗಾಜಿನ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದಿವೆ, ನೀರು ದಿನವೂ ನಾರುತ್ತದೆ. ದೇವಸ್ಥಾನದ ಕೆರೆಗೆ ಬಿಟ್ಟರೆ ಅವುಗಳಿಗೆ ಸ್ವಾತಂತ್ರ್ಯ, ನಮಗೆ ಪುಣ್ಯ ಎಂದು ಅತ್ತೆಯವರು ಹೇಳುತ್ತಾರೆ. ಬಿಡಬಹುದೇ? (ಕದ್ರಿ, ಮಂಗಳೂರು)

ಉತ್ತರ: ದಯವಿಟ್ಟು ಬಿಡಬೇಡಿ. ದೇವಸ್ಥಾನದ ಕೆರೆ, ಮದಗ, ಹೊಳೆ, ಮನೆಯ ಹಿಂದಿನ ತೋಡು ಯಾವುದಕ್ಕೂ ಬಿಡಬೇಡಿ. ನಿಮ್ಮ ವಿವರಣೆಯಿಂದ ಅದು ರೆಡ್ ಇಯರ್ಡ್ ಸ್ಲೈಡರ್ ಎಂಬ ಆಮೆಯೆಂದು ತಿಳಿಯುತ್ತದೆ. ಅದರ ತವರು ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯ ಕಣಿವೆ. ಅಲ್ಲಿನ ಸಾಕಣೆ ಕೇಂದ್ರಗಳಿಂದ 1989 ಮತ್ತು 1997ರ ನಡುವೆ ಐದು ಕೋಟಿಗೂ ಹೆಚ್ಚು ಮರಿಗಳು ಹೊರದೇಶಗಳಿಗೆ ರಫ್ತಾದವು. ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿಸುವ ಈ ಆಮೆ ಬೆಳೆದು 25 ಸೆಂಟಿಮೀಟರ್ ದಾಟುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಮಾರುವವರು ಈ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮಕ್ಕಳು ಓದು ಮುಗಿಸಿ ಊರು ಬಿಟ್ಟ ಮೇಲೂ ಆಮೆ ಮನೆಯಲ್ಲೇ ಉಳಿಯುವುದರಿಂದ, ನಿಮ್ಮ ಮನೆಯಲ್ಲಿ ಎದ್ದ ಪ್ರಶ್ನೆಯೇ ಜಗತ್ತಿನ ಸಾವಿರಾರು ಮನೆಗಳಲ್ಲಿಯೂ ಎದ್ದು, ಬಹಳಷ್ಟು ಮಂದಿ ಹತ್ತಿರದ ಕೆರೆಯ ದಾರಿ ಹಿಡಿದರು. ಅದರ ಫಲವಾಗಿ ಜಗತ್ತಿನ ಅತಿ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಗೂ ಸ್ಥಾನ ದೊರೆಯಿತು; ಐರೋಪ್ಯ ಒಕ್ಕೂಟ 1997ರಲ್ಲಿ ಇದರ ಆಮದನ್ನು ನಿಲ್ಲಿಸಿತು.

ನಮ್ಮ ಕೆರೆ ತೋಡುಗಳಲ್ಲಿ ಸ್ಥಳೀಯವಾದ ಕಪ್ಪು ಆಮೆ ಇದೆ. ನೆರೆಯ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಅತ್ಯಂತ ಅಪರೂಪದ ದೈತ್ಯ ಮೃದುಚಿಪ್ಪಿನ ಆಮೆ ಮೊಟ್ಟೆಯಿಡುವುದು ದಾಖಲಾಗಿದೆ. ಹೊರಗಿನ ಆಮೆ ಸಸ್ಯ, ಮೀನು, ಗೊದಮೊಟ್ಟೆ ಎನ್ನದೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಬಿಸಿಲು ಕಾಯುವ ಕಲ್ಲು ಮತ್ತು ಮರದ ದಿಮ್ಮಿಗಳಿಂದ ಸ್ಥಳೀಯ ಆಮೆಗಳನ್ನು ತಳ್ಳುತ್ತದೆ, ತನ್ನ ಜೊತೆಗೆ ತಂದ ರೋಗಾಣು ಮತ್ತು ಪರೋಪಜೀವಿಗಳನ್ನು ಅವುಗಳಿಗೆ ಅಂಟಿಸುತ್ತದೆ. ಎರಡೇ ಆಮೆಗಳಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ಅತ್ತೆಯವರು ಕೇಳಬಹುದು. ಅದೇ ಕೆರೆಗೆ ಪುಣ್ಯಕ್ಕೆಂದು ಆಮೆ ಬಿಟ್ಟವರು ನೀವೊಬ್ಬರೇ ಆಗಿರುವುದಿಲ್ಲ ಎಂಬುದು ಅದಕ್ಕೆ ಉತ್ತರ. ಗಾಜಿನ ತೊಟ್ಟಿಯ ಬದಲು ಅಂಗಳದಲ್ಲಿ ದೊಡ್ಡದೊಂದು ಸಿಮೆಂಟಿನ ತೊಟ್ಟಿ ಕಟ್ಟಿಸಿ, ಬಿಸಿಲು ಬೀಳುವಲ್ಲಿ ಒಂದು ಕಲ್ಲಿಟ್ಟು, ಆಮೆ ಹತ್ತಿ ಹೋಗದಂತೆ ಅಂಚು ಎತ್ತರಿಸಿ ಸಾಕುವುದು ಸಾಧ್ಯವಾದರೆ ಅದೇ ಉತ್ತಮ. ಆಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿ. ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತಿದ್ದುದರಿಂದಲೇ ಅಮೆರಿಕವು 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ತನ್ನ ದೇಶದೊಳಗೆ ನಿಷೇಧಿಸಿತು. ಹೊರದೇಶಗಳಿಗೆ ಕಳುಹಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಪ್ರಶ್ನೆ: ನಮ್ಮ ಮನೆಯ ಪಂಜರದಿಂದ ಹತ್ತಾರು ಲವ್ ಬರ್ಡ್ಸ್ ಹಾರಿಹೋದವು. ಅವು ಹೊರಗೆ ಹೆಚ್ಚಿಕೊಂಡು ನಮ್ಮ ಗಿಳಿಗಳಿಗೆ ತೊಂದರೆ ಕೊಡಬಹುದೇ? (ಸುರತ್ಕಲ್)

ಉತ್ತರ: ಹಾಗಾಗುವ ಸಂಭವ ಬಹಳ ಕಡಿಮೆ. ನಮ್ಮಲ್ಲಿ ಈ ಹೆಸರಿನಿಂದ ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯದ ಒಣ ಬಯಲಿನ ಬಡ್ಜರಿಗಾರ್ ಎಂಬ ಪುಟ್ಟ ಗಿಳಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ, ತಲೆತಲಾಂತರದಿಂದ ತಟ್ಟೆಯ ನವಣೆ ತಿಂದು ಬೆಳೆದ ಹಕ್ಕಿ ಕಾಗೆ, ಗಿಡುಗಗಳ ಕಣ್ಣು ತಪ್ಪಿಸಿ ಒಂದು ಆಟಿ ತಿಂಗಳು ಕಳೆಯುವುದೇ ಕಷ್ಟ. ಹವೆ ಒಗ್ಗಿದ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಇವು ಸಾವಿರಗಟ್ಟಲೆ ಹೆಚ್ಚಿದ್ದರೂ 1980ರ ದಶಕದಲ್ಲಿ ಅಲ್ಲಿಯೂ ಕುಸಿದುಬಿಟ್ಟವು.

ಹೊರಗಿನಿಂದ ತಂದ ಹತ್ತು ಜೀವಿಜಾತಿಗಳಲ್ಲಿ ಒಂದು ಬಯಲಿಗೆ ತಪ್ಪಿಸಿಕೊಳ್ಳುತ್ತದೆ, ತಪ್ಪಿಸಿಕೊಂಡ ಹತ್ತರಲ್ಲಿ ಒಂದು ನೆಲೆಯೂರುತ್ತದೆ, ನೆಲೆಯೂರಿದ ಹತ್ತರಲ್ಲಿ ಒಂದು ಪಿಡುಗಾಗುತ್ತದೆ ಎಂಬ ಸ್ಥೂಲ ನಿಯಮವೊಂದನ್ನು ಬ್ರಿಟಿಷ್ ಜೀವಿವಿಜ್ಞಾನಿ ಮಾರ್ಕ್ ವಿಲಿಯಮ್ಸನ್ ಮುಂದಿಟ್ಟಿದ್ದರು. ಬೆನ್ನೆಲುಬಿರುವ ಪ್ರಾಣಿಗಳ ವಿಷಯದಲ್ಲಿ ಈ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು ಎಂದು ನಂತರದ ಅಧ್ಯಯನಗಳು ತೋರಿಸಿದವು. ಆದ್ದರಿಂದ ಬಡ್ಜರಿಗಾರ್ ಸೋತಿತೆಂದು ಬೇರೆ ಹಕ್ಕಿಗಳೂ ಸೋಲುತ್ತವೆ ಎಂದುಕೊಳ್ಳುವಂತಿಲ್ಲ. 1890 ಮತ್ತು 1891ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಬಿಟ್ಟ ಸುಮಾರು ನೂರು ಯುರೋಪಿಯನ್ ಸ್ಟಾರ್ಲಿಂಗ್ ಹಕ್ಕಿಗಳ ಸಂತತಿ ಶತಮಾನ ಕಳೆಯುವುದರೊಳಗೆ ಉತ್ತರ ಅಮೆರಿಕವನ್ನೆಲ್ಲ ವ್ಯಾಪಿಸಿತು.

ಪ್ರಶ್ನೆ: ಮಳೆ ಶುರುವಾದರೆ ನಮ್ಮ ಅಡಿಕೆ ತೋಟದಲ್ಲಿ ದೊಡ್ಡ ಶಂಖದ ಹುಳುಗಳ ಕಾಟ. ತರಕಾರಿ ಸಾಲು, ಪಪ್ಪಾಯಿ, ಬಾಳೆಯ ಕಂದು, ಕಾಳುಮೆಣಸಿನ ಬಳ್ಳಿ ಏನನ್ನೂ ಬಿಡುವುದಿಲ್ಲ, ಮನೆಯ ಸುಣ್ಣದ ಗೋಡೆಯನ್ನೂ ಹೆರೆಯುತ್ತವೆ. ಇದು ಎಲ್ಲಿಂದ ಬಂತು? ಇದನ್ನು ತಿನ್ನುವ ಬೇರೆ ಪ್ರಾಣಿಯನ್ನು ತಂದು ಬಿಡಬಹುದಲ್ಲವೇ? (ಕಾರ್ಕಳ ತಾಲೂಕಿನ ಕೃಷಿಕರು)

ಉತ್ತರ: ಇದು ಪೂರ್ವ ಆಫ್ರಿಕದ ದೈತ್ಯ ಬಸವನಹುಳು. ಮಾರಿಷಸ್‌ನಿಂದ ಇದನ್ನು ತಂದು 1847ರಲ್ಲಿ ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟವರು ವಿಲಿಯಂ ಬೆನ್ಸನ್ ಎಂಬ ಶಂಖಚಿಪ್ಪುಗಳ ಅಭ್ಯಾಸಿ. ಅಲ್ಲಿಂದ ಮುಂದಕ್ಕೆ ಅದನ್ನು ದೇಶದ ಉದ್ದಗಲಕ್ಕೆ ಕೊಂಡೊಯ್ದವರು ನಾವೇ. ನರ್ಸರಿಯ ಗಿಡದ ಚೀಲ, ಹಟ್ಟಿಗೊಬ್ಬರದ ಲೋಡು, ಮಣ್ಣು ತುಂಬಿದ ಟಿಪ್ಪರು, ಮರದ ದಿಮ್ಮಿಗಳ ಲಾರಿ ಇವೆಲ್ಲವೂ ಅದರ ವಾಹನಗಳು. ಗೋಡೆ ಹೆರೆಯುವುದಕ್ಕೂ ಕಾರಣವಿದೆ: ಚಿಪ್ಪು ಬೆಳೆಸಲು ಅದಕ್ಕೆ ಸುಣ್ಣ ಬೇಕು, ನಮ್ಮ ಮುರಕಲ್ಲಿನ ಹುಳಿಮಣ್ಣಿನಲ್ಲಿ ಸುಣ್ಣದ ಅಂಶ ಕಡಿಮೆ.

ಇದರ ಸಂತತಿ ಹೆಚ್ಚುವ ಬಗೆಯನ್ನು ತಿಳಿದುಕೊಂಡರೆ ನಿಯಂತ್ರಣದ ಹೊತ್ತು ಯಾವುದೆಂಬುದೂ ತಿಳಿಯುತ್ತದೆ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿವೆ. ಕೂಡುವುದಕ್ಕೆ ಇನ್ನೊಂದು ಹುಳು ಬೇಕಾದರೂ, ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತನ್ನೊಳಗೆ ಕೂಡಿಟ್ಟುಕೊಂಡು ತಿಂಗಳುಗಳ ನಂತರವೂ ಮೊಟ್ಟೆಯಿಡಬಲ್ಲದು. ಒಂದು ಸಲಕ್ಕೆ ನೂರರಿಂದ ಕೆಲವು ನೂರು ಮೊಟ್ಟೆಗಳು. ಬೇಸಗೆಯಲ್ಲಿ ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ಮಣ್ಣಿನಡಿಯಲ್ಲಿ, ಕಲ್ಲುಕಟ್ಟೆಯ ಸಂದಿನಲ್ಲಿ, ಸೊಪ್ಪಿನ ರಾಶಿಯಲ್ಲಿ ಮಲಗಿದ್ದು, ಮೊದಲ ಮಳೆಗೆ ಎದ್ದು ಬರುತ್ತದೆ. ಆಗಲೇ, ಅಂದರೆ ಮೊಟ್ಟೆಯಿಡುವ ಮೊದಲೇ ಆರಿಸಿ ತೆಗೆದರೆ ಒಂದನ್ನು ಕೊಂದಂತಲ್ಲ, ನೂರನ್ನು ತಡೆದಂತೆ. ಸಂಜೆ ಒದ್ದೆ ಗೋಣಿಚೀಲಗಳನ್ನು ಹಾಸಿ, ಕೆಳಗೆ ಪಪ್ಪಾಯಿ ಎಲೆ ಅಥವಾ ಕ್ಯಾಬೇಜು ಸೊಪ್ಪು ಇಟ್ಟರೆ ಅಲ್ಲಿ ಗುಂಪುಗೂಡುತ್ತವೆ. ಕೈಗವಸು ಹಾಕಿಕೊಂಡು ಆರಿಸಿ, ಬಕೆಟಿನಲ್ಲಿ ಗಟ್ಟಿ ಉಪ್ಪುನೀರು ಮಾಡಿ ಅದರಲ್ಲಿ ಮುಳುಗಿಸಿ, ಸತ್ತ ಮೇಲೆ ಆಳವಾಗಿ ಹೂಳಿ. ಉಪ್ಪನ್ನು ಮಾತ್ರ ಗಿಡದ ಬುಡಕ್ಕೆ ಎರಚಬೇಡಿ, ಹುಳುವಿಗಿಂತ ಮೊದಲು ಬೇರು ಸುಡುತ್ತದೆ. ಹುಳು ತಾಮ್ರಕ್ಕೆ ಹೆದರುತ್ತದೆಯಾದ್ದರಿಂದ ಮೈಲುತುತ್ತಿನ ದ್ರಾವಣವನ್ನು ಕಾಂಡಕ್ಕೆ ಹಚ್ಚುವುದುಂಟು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಿಮಗೆ ಇದು ಹೊಸದಲ್ಲ. ಮೆಟಾಲ್ಡಿಹೈಡ್ ಗುಳಿಗೆಗಳನ್ನು ಬಳಸುವುದಾದರೆ ನಾಯಿ, ದನ, ಕೋಳಿಗಳು ಬಾರದಂತೆ ನೋಡಿಕೊಳ್ಳಬೇಕು, ಅವುಗಳಿಗೂ ಅದು ವಿಷವೇ. ಪ್ರಮಾಣವನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡೇ ಬಳಸಿ. ಆರಿಸಿದ ಹುಳುಗಳನ್ನು ಜೀವಂತವಾಗಿ ರಸ್ತೆಯಾಚೆ ಅಥವಾ ತೋಡಿಗೆ ಎಸೆಯುವ ರೂಢಿ ಕೆಲವೆಡೆ ಇದೆ. ಅದು ನೆರೆಮನೆಗೆ ಹಂಚಿದಂತೆ, ಅಷ್ಟೇ.

ಆರೋಗ್ಯದ ಮಾತನ್ನೂ ಹೇಳಬೇಕು. ಇಲಿಗಳ ಶ್ವಾಸಕೋಶದಲ್ಲಿ ವಾಸಿಸುವ ಒಂದು ಜಂತುವಿನ ಮರಿಗಳು ಈ ಹುಳುವಿನ ದೇಹದಲ್ಲಿ ಬೆಳೆಯುತ್ತವೆ, ಅವು ಮನುಷ್ಯನೊಳಗೆ ಸೇರಿದರೆ ಮಿದುಳುಪೊರೆಯ ಉರಿಯೂತ ಬರಬಹುದು. ತೋಟದ ಸೊಪ್ಪು ತರಕಾರಿಗಳನ್ನು ಹಸಿಯಾಗಿ ತಿನ್ನುವ ಮೊದಲು ಒಂದೊಂದೇ ಎಲೆ ಬಿಡಿಸಿ ಚೆನ್ನಾಗಿ ತೊಳೆಯಿರಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಹವಾಯಿ ದ್ವೀಪಗಳಲ್ಲಿ ಇದೇ ಹುಳುವನ್ನು ತಿನ್ನಲೆಂದು 1955ರಲ್ಲಿ ಅಮೆರಿಕದ ಮಾಂಸಾಹಾರಿ ಗುಲಾಬಿ ಬಸವನಹುಳುವನ್ನು ತಂದು ಬಿಟ್ಟರು. 1977ರಲ್ಲಿ ಫ್ರೆಂಚ್ ಪಾಲಿನೇಷ್ಯದ ಮೋರಿಯಾ ದ್ವೀಪದಲ್ಲಿಯೂ ಅದನ್ನೇ ಮಾಡಿದರು. ಬಂದ ಬೇಟೆಗಾರ ದೊಡ್ಡ ಆಫ್ರಿಕನ್ ಹುಳುವಿನ ಗೊಡವೆಗೆ ಹೆಚ್ಚು ಹೋಗದೆ, ಮರಗಳಲ್ಲಿದ್ದ ಪುಟ್ಟ ಸ್ಥಳೀಯ ಬಸವನಹುಳುಗಳನ್ನು ತಿಂದುಹಾಕಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಆ ಜಾತಿಗಳಲ್ಲಿ ಹಲವು ಕಾಡಿನಿಂದ ಪೂರ್ತಿ ಅಳಿದವು. ಹೊರಗಿನ ಪಿಡುಗಿಗೆ ಹೊರಗಿನ ಬೇಟೆಗಾರನನ್ನು ತರುವ ಯೋಚನೆ ಕೃಷಿಕರಿಗೆ ಆಕರ್ಷಕವಾಗಿ ಕಾಣುವುದು ಸಹಜವಾದರೂ, ವರ್ಷಗಳ ಪರೀಕ್ಷೆಯಿಲ್ಲದೆ ಅದನ್ನು ಮಾಡಿದ ಕಡೆಗಳಲ್ಲಿ ಫಲ ಹೀಗೆಯೇ ಆಗಿದೆ.

ಪೂರ್ತಿ ನಿರ್ಮೂಲನವಾದ ಉದಾಹರಣೆ ಇಲ್ಲವೇ ಎಂದರೆ, ಇದೆ. 1966ರಲ್ಲಿ ಬಾಲಕನೊಬ್ಬ ಹವಾಯಿಯಿಂದ ಮಯಾಮಿಗೆ ತಂದ ಮೂರು ಹುಳುಗಳನ್ನು ಅಜ್ಜಿ ಹಿತ್ತಿಲಿಗೆ ಬಿಟ್ಟರು. ಏಳು ವರ್ಷಗಳಲ್ಲಿ ಅವು ಸುಮಾರು 18,000 ಆದವು. ಅವನ್ನು ನಿರ್ಮೂಲ ಮಾಡಲು 1975ರವರೆಗೆ ಹೆಣಗಿ ಹತ್ತು ಲಕ್ಷ ಡಾಲರ್ ಖರ್ಚು ಮಾಡಬೇಕಾಯಿತು. ಅದು ಒಂದು ನಗರದ ಭಾಗದಲ್ಲಿ, ಆರಂಭದ ವರ್ಷಗಳಲ್ಲೇ ಬೆನ್ನಟ್ಟಿದ್ದರಿಂದ ಸಾಧ್ಯವಾದದ್ದು. ಒಂದೂಮುಕ್ಕಾಲು ಶತಮಾನ ಹರಡಿಕೊಂಡಿರುವ ನಮ್ಮಲ್ಲಿ ಪೂರ್ತಿ ಅಳಿಸುವ ಆಸೆ ಬಿಟ್ಟು, ಅಕ್ಕಪಕ್ಕದ ತೋಟದವರು ಒಂದೇ ವಾರದಲ್ಲಿ ಸೇರಿ ಆರಿಸುವುದು ಹೆಚ್ಚು ಪ್ರಯೋಜನಕಾರಿ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನವಿಲು ನೋಡಿದ ನೆನಪೇ ಇಲ್ಲ. ಈಗ ಭತ್ತದ ಗದ್ದೆಗೆ ಹಿಂಡಾಗಿ ಇಳಿಯುತ್ತವೆ. ಇವೂ ಹೊರಗಿನಿಂದ ಬಂದ ಜೀವಿಗಳೆಂದು ಹೇಳಬಹುದೇ? (ಬ್ರಹ್ಮಾವರ)

ಉತ್ತರ: ಹೇಳಲಾಗದು. ನವಿಲು ಈ ಉಪಖಂಡದ್ದೇ ಹಕ್ಕಿ. ಅದು ಒಲಿಯುವುದು ಮಾತ್ರ ಕುರುಚಲು ಕಾಡಿನ ಒಣನಾಡಿಗೆ. ಮಳೆ ಹೆಚ್ಚಿರುವ ಪಶ್ಚಿಮ ಕರಾವಳಿಯಲ್ಲಿ ಅದು ಹಿಂದೆ ವಿರಳವಾಗಿತ್ತು. 1933ರಲ್ಲಿ ಸಲೀಂ ಅಲಿಯವರು ತಿರುವಾಂಕೂರು ಮತ್ತು ಕೊಚ್ಚಿಯಲ್ಲಿ ನಡೆಸಿದ ಪಕ್ಷಿ ಸಮೀಕ್ಷೆಯಲ್ಲಿ ನವಿಲು ದಾಖಲಾಗಿರಲಿಲ್ಲ, ಇಂದು ಕೇರಳದಲ್ಲೆಲ್ಲ ಇದೆ. ಹಡಿಲು ಬಿದ್ದ ಗದ್ದೆಗಳಲ್ಲಿ ಬೆಳೆದ ಪೊದೆ, ತೆರವಾದ ಕಾಡು, ಕಡಿಮೆಯಾದ ಬೇಟೆ ಮತ್ತು ನರಿಗಳು, ಶುಷ್ಕವಾಗುತ್ತಿರುವ ಹವೆ ಇವು ಅದರ ಹರಡುವಿಕೆಗೆ ಕಾರಣವೆಂದು ಹೇಳಲಾಗುತ್ತದೆ. ಮನುಷ್ಯ ಹಿಡಿದು ತಂದು ಬಿಟ್ಟದ್ದಕ್ಕೂ, ನೆಲ ತನಗೆ ಅನುಕೂಲವಾದಾಗ ಪ್ರಾಣಿ ತಾನೇ ನಡೆದು ಬಂದದ್ದಕ್ಕೂ ವ್ಯತ್ಯಾಸವಿದೆ. ದನದ ಬೆನ್ನೇರುವ ಬೆಳ್ಳಕ್ಕಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಆಫ್ರಿಕದಿಂದ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದಲ್ಲಿ ನೆಲೆಸಿತು, ಅದನ್ನು ಯಾರೂ ಒಯ್ಯಲಿಲ್ಲ. ನವಿಲನ್ನು ನ್ಯೂಜಿಲೆಂಡಿಗೆ ಒಯ್ದವರು ಮಾತ್ರ ಮನುಷ್ಯರು. ಅಲ್ಲಿ ಅದು ನಿಜಕ್ಕೂ ಹೊರಗಿನ ಹಕ್ಕಿ.

ನಿಮ್ಮ ಬೆಳೆಹಾನಿ ಇದರಿಂದ ಕಡಿಮೆಯಾಗುವುದಿಲ್ಲ ಎಂಬುದು ನಮಗೆ ತಿಳಿದಿದೆ. ಆದರೆ ನವಿಲು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದ್ದು, ವಿಷವಿಡುವುದು, ಉರುಳು ಹಾಕುವುದು ಗಂಭೀರ ಅಪರಾಧ. ಬಲೆ ಕಟ್ಟುವುದು, ಹಾನಿಯ ಫೋಟೊ ಸಮೇತ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದು, ಸಾಧ್ಯವಿದ್ದಲ್ಲಿ ಪಕ್ಕದ ಹಡಿಲನ್ನು ಸಾಗುವಳಿಗೆ ತರುವುದು ಈಗಿರುವ ದಾರಿಗಳು.

ಪ್ರಶ್ನೆ: ಮಲೇರಿಯ ತಡೆಗೆಂದು ನಮ್ಮ ಬಾವಿಗೆ ಮೀನು ಬಿಟ್ಟಿದ್ದಾರೆ. ಅವೂ ಹೊರದೇಶದವು ಎಂದು ಮಗಳು ಹೇಳುತ್ತಾಳೆ. ತೆಗೆದುಬಿಡಬೇಕೇ? (ಬೋಳಾರ, ಮಂಗಳೂರು)

ಉತ್ತರ: ಮಗಳು ಹೇಳಿದ್ದು ಸರಿ. ಸೊಳ್ಳೆಮರಿ ತಿನ್ನಲೆಂದು ಹೀಗೆ ಬಿಡುವ ಮೀನುಗಳಲ್ಲಿ ಗ್ಯಾಂಬೂಸಿಯಾ ಅಮೆರಿಕದ್ದು, 1928ರಲ್ಲಿ ಭಾರತಕ್ಕೆ ಬಂತು. ಗಪ್ಪಿ ದಕ್ಷಿಣ ಅಮೆರಿಕದ್ದು. ಆದರೂ ಸುತ್ತ ಕಟ್ಟೆಯಿರುವ, ನೆರೆ ನುಗ್ಗದ ಬಾವಿಯಲ್ಲಿ ಅವು ಇರಲಿ. ಮಲೇರಿಯದ ಕಷ್ಟವೇನೆಂದು ಮಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಅದೇ ಮೀನನ್ನು ಕೊಡಪಾನದಲ್ಲಿ ತುಂಬಿ ತೋಡಿಗೋ ಕೆರೆಗೋ ಸುರಿಯುವುದು ತಪ್ಪು. ಅಲ್ಲಿ ಸೊಳ್ಳೆಮರಿಯನ್ನು ತಿನ್ನುವ ಸ್ಥಳೀಯ ಪುಟ್ಟ ಮೀನುಗಳು ಮೊದಲೇ ಇರುತ್ತವೆ, ಗ್ಯಾಂಬೂಸಿಯಾ ಅವುಗಳ ರೆಕ್ಕೆ ಕಚ್ಚುತ್ತದೆ, ಕಪ್ಪೆಯ ಮೊಟ್ಟೆ ಮತ್ತು ಗೊದಮೊಟ್ಟೆಗಳನ್ನು ತಿನ್ನುತ್ತದೆ. ಕಪ್ಪೆ ಕಡಿಮೆಯಾದಲ್ಲಿ ಸೊಳ್ಳೆಗೆ ಲಾಭವೇ. ಉಪಕಾರವೆಂದು ತಂದ ಇನ್ನೊಂದು ಮೀನು ತಿಲಾಪಿಯಾ. 1952ರಲ್ಲಿ ದೇಶಕ್ಕೆ ಬಂದ ಮೊಸಾಂಬಿಕ್ ತಿಲಾಪಿಯಾ ಮರಿಗಳನ್ನು ಬಾಯಲ್ಲಿಟ್ಟು ಕಾಪಾಡುತ್ತದೆ, ಉಪ್ಪುನೀರನ್ನೂ ತಾಳುತ್ತದೆ. ಆದ್ದರಿಂದ ಸಿಹಿನೀರಿನ ಕೆರೆಯಲ್ಲಿ ಬಿಟ್ಟದ್ದು ಅಳಿವೆಯವರೆಗೂ ಹೋಗಿ, ಕೇರಳದವರು ಕರಿಮೀನು ಎನ್ನುವ ನಮ್ಮ ಸ್ವಂತ ಮೀನಿನ ಜಾಗಕ್ಕೆ ಪೈಪೋಟಿ ನಡೆಸಬಲ್ಲದು.

ಪ್ರಶ್ನೆ: ನಮ್ಮ ಜೀವಿಗಳೂ ಬೇರೆ ದೇಶಗಳಲ್ಲಿ ಹೀಗೆ ಪಿಡುಗಾಗಿವೆಯೇ? (ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ಧಾರಾಳವಾಗಿ. ನಮ್ಮ ಮೈನಾ ಹಕ್ಕಿಯನ್ನು ಮಿಡತೆ ನಿಯಂತ್ರಣಕ್ಕೆಂದು 1762ರಲ್ಲಿ ಮಾರಿಷಸ್‌ಗೆ, ಕೀಟ ನಿಯಂತ್ರಣಕ್ಕೆಂದು 1862ರಲ್ಲಿ ಮೆಲ್ಬರ್ನಿಗೆ ಒಯ್ದರು. ಆಸ್ಟ್ರೇಲಿಯದಲ್ಲಿ ಅದು ಮರದ ಪೊಟರೆಗಳಿಂದ ಅಲ್ಲಿನ ಗಿಳಿಗಳನ್ನು ಹೊರದಬ್ಬುತ್ತಿದೆ. 1872ರಲ್ಲಿ ಕಲ್ಕತ್ತೆಯಿಂದ ಜಮೈಕಕ್ಕೆ ಹೋದ ಒಂಬತ್ತು ಮುಂಗುಸಿಗಳು ಕಬ್ಬಿನ ಗದ್ದೆಯ ಇಲಿಗಳನ್ನು ತಿಂದದ್ದು ನಿಜವಾದರೂ, ಇಲಿ ರಾತ್ರಿ ತಿರುಗುವ, ಮುಂಗುಸಿ ಹಗಲು ತಿರುಗುವ ಪ್ರಾಣಿಯಾದ್ದರಿಂದ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಸರೀಸೃಪಗಳೂ ಅವುಗಳ ಬಾಯಿಗೆ ಬಿದ್ದವು. ಬಂದರಿನಲ್ಲಿ ಮೀನಿನ ತಲೆಗೆ ಜಗಳವಾಡುವ ನಮ್ಮ ಊರಕಾಗೆ 1890ರ ದಶಕದಲ್ಲಿ ಜಾಂಜಿಬಾರ್ ಸೇರಿ ಪೂರ್ವ ಆಫ್ರಿಕದ ಕರಾವಳಿಯುದ್ದಕ್ಕೂ ಹರಡಿತು, ಹಡಗು ಹತ್ತಿ ನೆದರ್ಲೆಂಡ್ಸ್‌ನ ಬಂದರಿಗೂ ತಲುಪಿತು. 2024ರಲ್ಲಿ ಕೀನ್ಯಾ ಸರ್ಕಾರ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆ ಪ್ರಕಟಿಸಿತು. ಲಂಡನ್, ಬ್ರಸೆಲ್ಸ್ ಉದ್ಯಾನಗಳಲ್ಲಿ ಹಿಂಡುಹಿಂಡಾಗಿ ಕೂಗುವ ಗಿಳಿಯೂ ನಮ್ಮ ಕೊರಳಪಟ್ಟಿಯ ಹಸಿರು ಗಿಳಿಯೇ. ದೂರ ಹೋಗುವುದೇಕೆ, ಅಂಡಮಾನಿನಲ್ಲಿ ಬ್ರಿಟಿಷರು ಬಿಟ್ಟ ಚುಕ್ಕಿ ಜಿಂಕೆಗೆ ಅಲ್ಲಿ ಹುಲಿಯೂ ಇಲ್ಲ, ಚಿರತೆಯೂ ಇಲ್ಲ. ಕಾಡಿನ ಎಳೆಗಿಡಗಳನ್ನೆಲ್ಲ ಮೇಯ್ದು ಹಾಕುತ್ತಿದೆ. ನಾಗರಹೊಳೆಯಲ್ಲಿ ಆ ಜಿಂಕೆಯನ್ನು ಕಂಡು ಸಂತೋಷಪಡುವ ನಾವು, ಅದೇ ದೇಶದ ಇನ್ನೊಂದು ಮೂಲೆಯಲ್ಲಿ ಅದನ್ನು ಸಮಸ್ಯೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಪಣಂಬೂರಿಗೆ ಬರುವ ಹಡಗುಗಳಲ್ಲಿ ಹೊರಗಿನ ಜೀವಿಗಳು ಬರುವುದುಂಟೇ? (ಬೈಕಂಪಾಡಿ)

ಉತ್ತರ: ಉಂಟು. ಖಾಲಿ ಹಡಗು ಸಮತೋಲನಕ್ಕೆಂದು ಒಂದು ಬಂದರಿನಲ್ಲಿ ತುಂಬಿಕೊಂಡ ನೀರನ್ನು ಇನ್ನೊಂದು ಬಂದರಿನಲ್ಲಿ ಚೆಲ್ಲುವಾಗ, ಅದರಲ್ಲಿದ್ದ ಚಿಪ್ಪುಜೀವಿ, ಮೀನು, ಪಾಚಿಗಳ ಮರಿಗಳೂ ಇಳಿಯುತ್ತವೆ. ಇದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹಡಗಿನ ತಳಕ್ಕೆ ಅಂಟಿಕೊಂಡು ಬರುವವೂ ಇವೆ.

ಬೈಕಂಪಾಡಿಯವರಾದ ನಿಮಗೆ ಇನ್ನೊಂದು ಸಂಗತಿ ಹೆಚ್ಚು ಕುತೂಹಲಕರವಾಗಬಹುದು. ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಆಮದು ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಜಾಗದಲ್ಲಿ ಸಿಕ್ಕ ಪುಟ್ಟ ಕಪ್ಪೆಯೊಂದನ್ನು ವಿಜ್ಞಾನಿಗಳು 2018ರಲ್ಲಿ ಹೊಸ ಜಾತಿಯೆಂದು ವಿವರಿಸಿ, ಊರಿನ ಕೊಂಕಣಿ ಹೆಸರನ್ನೇ ಸೇರಿಸಿ ಮೈಕ್ರೊಹೈಲಾ ಕೊಡಿಯಾಲ್ ಎಂದು ಕರೆದರು. ಅದರ ಹತ್ತಿರದ ಸಂಬಂಧಿಗಳು ಪಶ್ಚಿಮಘಟ್ಟದ ಕಪ್ಪೆಗಳಲ್ಲ, ಆಗ್ನೇಯ ಏಷ್ಯಾದವು. ಹಾಗಾಗಿ ಅದು ದಿಮ್ಮಿಗಳ ಜೊತೆ ಹಡಗಿನಲ್ಲಿ ಬಂದಿರಬಹುದೆಂಬ ಊಹೆ ಹುಟ್ಟಿತು. ಅದು ಊಹೆಯೇ ಹೊರತು ಸಿದ್ಧವಾದ ಸಂಗತಿಯಲ್ಲ. ನಿಜವಾಗಿದ್ದರೆ ಆ ಕಪ್ಪೆ ಹೊರಗಿನದಾಗುತ್ತದೆ, ಆದರೆ ತವರಿನಲ್ಲಿ ಗುರುತಿಸುವ ಮೊದಲೇ ನಮ್ಮಲ್ಲಿ ಹೆಸರು ಪಡೆದ ಹೊರಗಿನದು. ಸುಳ್ಳಾಗಿದ್ದರೆ ಅದು ಮಂಗಳೂರಿನದೇ ಸ್ವತ್ತು. ಎರಡರಲ್ಲಿ ಯಾವುದೆಂದು ತೀರ್ಮಾನವಾಗುವವರೆಗೆ ಅದನ್ನು ಪಿಡುಗೆಂದು ಕಾಣುವುದು ಆತುರದ ಮಾತಾದೀತು. ಅದು ಮೊಟ್ಟೆಯಿಡುವ ಮಳೆನೀರಿನ ಹೊಂಡಗಳಿಗೆ ಮಣ್ಣು ತುಂಬಿಸದಿರುವುದು ಸದ್ಯಕ್ಕೆ ಸರಿಯಾದ ಕ್ರಮವೆಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಇಂತಹ ಜೀವಿಗಳ ಬಗ್ಗೆ ಕಾನೂನಿದೆಯೇ? ಕಂಡರೆ ಯಾರಿಗೆ ತಿಳಿಸಬೇಕು? (ಉಡುಪಿ)

ಉತ್ತರ: ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯು ಹೊರದೇಶದ ಆಕ್ರಮಣಕಾರಿ ಜೀವಿಗಳ ಆಮದು, ವ್ಯಾಪಾರ, ಸಾಕಣೆ ಮತ್ತು ಹರಡುವಿಕೆಯನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಪರಿಚಿತ ಆಮೆ, ಹಕ್ಕಿ, ಹಲ್ಲಿಗಳನ್ನು ಕಂಡರೆ ಜಾಗ ಮತ್ತು ದಿನಾಂಕ ಬರೆದಿಟ್ಟು, ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಮೀನಾದರೆ ಮೀನುಗಾರಿಕೆ ಇಲಾಖೆ ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜು, ತೋಟದ ಹುಳುವಾದರೆ ಕೃಷಿ ವಿಜ್ಞಾನ ಕೇಂದ್ರ. ಬಲೆಗೆ ಬಿದ್ದ ವಿಚಿತ್ರ ಮೀನನ್ನು ಗುರುತಿಸುವ ಮೊದಲೇ ಮತ್ತೆ ನೀರಿಗೆ ಬಿಡಬೇಡಿ. ಬಕೆಟಿನಲ್ಲೋ ಐಸಿನಲ್ಲೋ ಇಟ್ಟು ತೋರಿಸಿ.